ಹದಿನೇಳನೆಯ ಟೋಕನ್ನಿನ ಉಸಿರು

ಡ್ರಮ್ಮಿನ ನೀಲಿ ಚೌಕದ ಮೇಲಿನ ಚೀಟಿಯ ಮೂಲೆಯನ್ನು ಉಗುರಿನಿಂದ ಕೆರೆದು ಎತ್ತಿದೆ. ಮೇಲೆ ಬರೆದಿದ್ದದ್ದು ಒಂದು. ಅದರಡಿಯ ಹಳೆಯ ಚೀಟಿಯಲ್ಲಿದ್ದದ್ದು ಮೂರು.

“ನಾನು ಹೇಳಿದ್ದು ಇದನ್ನೇ ಮೇಡಂ,” ಎಂದರು ಪೊಲೀಸ್ ಇನ್ಸ್‌ಪೆಕ್ಟರ್, ಡ್ರಮ್ಮಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಮೂಗಿಗೆ ಕರ್ಚೀಫು ಒತ್ತಿಕೊಂಡು. “ಮೂರಿದ್ದದ್ದನ್ನ ಒಂದು ಮಾಡಿದಾನೆ. ಹುಲಿ ಬೋನಿಗೆ ಬೆಕ್ಕು ಅಂತ ಬೋರ್ಡು ಹಾಕಿದ ಹಾಗೆ. ಅದೂ ಸ್ವಂತ ತಂಗಿ ಗಂಡನಿಗೆ.”

“ಕರ್ಚೀಫು ಇಳಿಸಿ. ಡ್ರಮ್ಮಿನ ಮುಚ್ಚಳ ಬಿಗಿಯಾಗಿದೆ. ಬಿಗಿ ಇಲ್ದೇ ಇದ್ದಿದ್ರೆ ಆ ಬಟ್ಟೆ ತುಂಡು ನಿಮ್ಮನ್ನೇನೂ ಕಾಯ್ತಿರಲಿಲ್ಲ.”

ಅವರು ಇಳಿಸಿದರು. ನಾನು ಸೊಂಟ ಹಿಡಿದುಕೊಂಡು ಎದ್ದೆ. ಬೆಳಿಗ್ಗೆಯಿಂದ ಬಗ್ಗಿ ನೋಡಿದ ಡ್ರಮ್ಮುಗಳಲ್ಲಿ ಇದು ನಲವತ್ತೊಂದನೆಯದು. ಕಾರ್ಖಾನೆ ಇಲಾಖೆಯಲ್ಲಿ ಆವಿ ಅಳೆಯುವ ಕೆಲಸಕ್ಕೆ ಸೇರಿ ಇಪ್ಪತ್ತೊಂಬತ್ತು ವರ್ಷವಾಯಿತು. ಕೆಲಸಗಾರರು ನನಗೆ ಮೂಗಮ್ಮ ಎಂದು ಹೆಸರಿಟ್ಟಿದ್ದಾರೆ. ಕಂಡ ಕಂಡ ದ್ರಾವಕಗಳ ಮೇಲೆ ಬಗ್ಗಿ ಬಗ್ಗಿ ಮೂಗಮ್ಮನ ಮೂಗು ವಾಸನೆ ಹಿಡಿಯುವುದನ್ನೇ ಬಿಟ್ಟು ಹತ್ತು ವರ್ಷವಾಗಿರುವುದು ಅವರಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಮೂರು ವಾರದ ಹಿಂದೆ ಈ ಹಾಸಿಗೆ ಕಾರ್ಖಾನೆಯ ಮಿಶ್ರಣದ ಕೋಣೆಯಲ್ಲಿ ಹದಿನೇಳನೆಯ ಟೋಕನ್ನಿನ ಕೆಲಸಗಾರ ಎದೆ ಹಿಡಿದುಕೊಂಡು ಕುಸಿದು ಸತ್ತಿದ್ದ. ಅವನಿಗೆ ಎಲ್ಲರೂ ಶಿಳ್ಳೆ ಎನ್ನುತ್ತಿದ್ದರು. ಸದಾ ಯಾವುದಾದರೂ ಹಾಡಿನ ಶಿಳ್ಳೆ ಹಾಕಿಕೊಂಡೇ ಓಡಾಡುತ್ತಿದ್ದನಂತೆ. ಸ್ಪಂಜು ಉಬ್ಬಿಸಲು ಸುರಿಯುವ ಟಿಡಿಐ ಎಂಬ ದ್ರವದ ಆವಿಯಿಂದ ಶ್ವಾಸನಾಳ ಮುಚ್ಚಿಕೊಂಡಿತೆಂದು ವೈದ್ಯರು ಬರೆದಿದ್ದರು. ಆ ಡ್ರಮ್ಮಿನ ಮೇಲಿನ ಅಂಕಿ ಬದಲಿಸಿದವರು ಉಗ್ರಾಣ ನೋಡಿಕೊಳ್ಳುವ ಸ್ಟೋರಿನವರು. ಶಿಳ್ಳೆಯ ಹೆಂಡತಿಯ ಅಣ್ಣ.

ಆ ಸ್ಟೋರಿನವರು ಈಗ ಬಾಗಿಲ ಬಳಿ ಮಗುಚಿದ ಪೆಟ್ಟಿಗೆಯ ಮೇಲೆ, ಎರಡೂ ಕೈ ಮೊಣಕಾಲಿನ ನಡುವೆ ತೂರಿಸಿಕೊಂಡು ಕುಳಿತಿದ್ದರು. ಬೆಳಿಗ್ಗೆ ಆರಕ್ಕೇ ಹಾಸಿಗೆಯಿಂದ ಎಬ್ಬಿಸಿ ಕರೆತಂದಿದ್ದರು. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಆಗಿತ್ತು. ಮಧ್ಯಾಹ್ನ ಎರಡಕ್ಕೆ ಅವರನ್ನು ಠಾಣೆಗೆ ಒಯ್ಯುವುದೆಂದು ಇನ್ಸ್‌ಪೆಕ್ಟರ್ ಮೊದಲೇ ನಿರ್ಧರಿಸಿಬಿಟ್ಟಿದ್ದರು.

“ಇಲ್ಲಿ ಬನ್ನಿ,” ಎಂದು ಇನ್ಸ್‌ಪೆಕ್ಟರನ್ನು ಮೂಲೆಯ ಕಪಾಟಿಗೆ ಕರೆದುಕೊಂಡು ಹೋದೆ. “ಇದನ್ನ ಓದಿ.”

“ನೆಲ ಒರೆಸೋ ದ್ರಾವಣ. ನೀಲಿ ಚೌಕದಲ್ಲಿ... ನಾಲ್ಕು?”

“ನಾಲ್ಕು. ಈ ಬಣ್ಣದ ಚೌಕಗಳ ಲೆಕ್ಕದಲ್ಲಿ ಸೊನ್ನೆ ಅಂದ್ರೆ ಏನೂ ಇಲ್ಲ, ನಾಲ್ಕು ಅಂದ್ರೆ ಒಂದು ಸಲ ಉಸಿರೆಳೆದ್ರೂ ಪ್ರಾಣಕ್ಕೆ ಬರಬಹುದು. ನೆಲ ಒರೆಸೋ ನೀರಿಗೆ ನಾಲ್ಕು ಕೊಟ್ಟಿದಾರೆ ನಿಮ್ಮ ಕೊಲೆಗಾರರು. ಇಲ್ಲಿ ಕಸ ಗುಡಿಸೋ ಹೆಂಗಸು ತಿಂಗಳಿಂದ ಮೊಣಕೈವರೆಗೆ ಗ್ಲೌಸು ಹಾಕ್ಕೊಂಡು, ಮುಖ ಮುಚ್ಕೊಂಡು ಬಕೆಟ್ಟಿನ ಹತ್ರ ಹೋಗ್ತಾಳಂತೆ. ಪಾಪ, ಅವಳ ತಪ್ಪೇನು.”

“ಹಾಗಾದ್ರೆ ಎಲ್ಲಾ ತಲೆಕೆಳಗೆ ಬರೆದಿದಾನೆ.”

“ಎಲ್ಲಾನೂ. ಯಾಕೆ ಅಂತ ಅವರನ್ನೇ ಕೇಳಿ.”

ಸ್ಟೋರಿನವರು ತಲೆ ಎತ್ತದೆಯೇ ಹೇಳಿದರು. “ಹೊಸ ಹಾಳೆ ಬಂತಮ್ಮಾ. ಪ್ರತಿ ಡ್ರಮ್ಮಿನ ಜೊತೆ ಕಂಪನಿಯವ್ರು ಕಳಿಸ್ತಾರಲ್ಲ, ಅಪಾಯದ ಹಾಳೆ. ಹಾಳೇಲಿ ಏನಿದ್ಯೋ ಅದನ್ನೇ ಡ್ರಮ್ಮಿನ ಮೇಲೂ ಬರೀರಿ ಅಂದ್ರು ಸೇಫ್ಟಿ ಸಾಹೇಬ್ರು. ಹಾಳೇಲಿ ವರ್ಗ ಒಂದು ಅಂತಿತ್ತು. ಒಂದು ಅಂತ ಬರೆದೆ.”

ನಾನು ಇನ್ಸ್‌ಪೆಕ್ಟರ್ ಕಡೆ ತಿರುಗಿದೆ. “ಹೊಸ ಹಾಳೆಯ ಲೆಕ್ಕ ಬೇರೆ. ಅದರಲ್ಲಿ ಒಂದನೇ ವರ್ಗ ಅಂದ್ರೇನೇ ಎಲ್ಲಕ್ಕಿಂತ ಕೆಟ್ಟದ್ದು, ಮೇಲೆ ಹೋದ ಹಾಗೆಲ್ಲಾ ಸೌಮ್ಯ. ಹಳೇ ಚೌಕದಲ್ಲಿ ಮೇಲೆ ಹೋದ ಹಾಗೆಲ್ಲಾ ಘೋರ. ಇವರು ಇದರ ಅಂಕಿ ತಗೊಂಡು ಹೋಗಿ ಅದರ ಮನೇಲಿ ಕೂರಿಸಿದಾರೆ. ಕೊಲ್ಲೋ ಉದ್ದೇಶ ಇದ್ದೋನು ಒಂದು ಡ್ರಮ್ಮು ತಿದ್ದುತ್ತಾನೆ. ನಲವತ್ತೊಂದನ್ನೂ ತಿದ್ದೋಕೆ ಯಾರಿಗೆ ಪುರಸೊತ್ತು?”

ಇನ್ಸ್‌ಪೆಕ್ಟರ್ ಗಲ್ಲ ಕೆರೆದುಕೊಂಡರು. ಕಷ್ಟಪಟ್ಟು ಹೆಣೆದ ಬುಟ್ಟಿಯ ತಳ ಕಿತ್ತುಹೋದವರ ಮುಖ.

“ಸರಿ, ಚೀಟಿ ಬಿಡಿ. ಮತ್ತೆ ಕ್ಯಾಂಟೀನಲ್ಲಿ ಹತ್ತು ಜನ ಕೇಳಿಸ್ಕೊಂಡಿದ್ದು? ‘ಇನ್ನು ನನ್ನ ಕೈಲಾಗಲ್ಲ, ನೀನು ಸಾಯ್ತೀಯ’ ಅಂತ ಶಿಳ್ಳೆ ಮೇಲೆ ಕೂಗಾಡಿದ್ದು? ಸಾಯೋಕೆ ಒಂದು ತಿಂಗಳು ಮುಂಚೆ. ಅದಕ್ಕೆ ಏನು ಹೇಳ್ತಾನೆ ಕೇಳಿ.”

ಸ್ಟೋರಿನವರು ತುಟಿ ಪಿಟಕ್ಕೆನ್ನಲಿಲ್ಲ. ಆ ಮೌನ ನನಗೆ ಹಿಡಿಸಲಿಲ್ಲ. ಚೀಟಿಯ ವಿಷಯಕ್ಕೆ ಥಟ್ಟನೆ ಉತ್ತರ ಕೊಟ್ಟ ಮನುಷ್ಯ ಇದಕ್ಕೆ ಮಾತ್ರ ಉಗುಳು ನುಂಗಿದ್ದ.

*

ಮಿಶ್ರಣದ ಕೋಣೆ ಒಬ್ಬರೇ ನಿಂತು ಕೆಲಸ ಮಾಡುವಷ್ಟು ಚಿಕ್ಕದು. ಬಾಗಿಲಿಗೆ ಗಾಜು, ಬಾಗಿಲ ಪಕ್ಕದ ಮೊಳೆಯಲ್ಲಿ ಗಾಳಿಕೊಳವೆಯ ಮುಖವಾಡ, ಒಳಗೆ ಗೋಡೆಯ ಮೇಲೆ ಟೇಪು ಮೀಟರು. ಮದ್ದು ಹಚ್ಚಿದ ಕಾಗದದ ಸುರುಳಿ ಅದರೊಳಗೆ ಮೆಲ್ಲಗೆ ಸುತ್ತುತ್ತದೆ. ಆವಿ ತಾಗಿದಲ್ಲಿ ಕಲೆ ಬೀಳುತ್ತದೆ. ಕಲೆ ಗಾಢವಾದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು.

ಶಿಳ್ಳೆ ಸತ್ತ ದಿನದ ಸುರುಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಲೆ ಇದೆಯೋ ಇಲ್ಲವೋ ಎನ್ನುವಷ್ಟು ತೆಳು.

“ಎಷ್ಟು?” ಎಂದರು ಇನ್ಸ್‌ಪೆಕ್ಟರ್.

“ನೂರು ಕೋಟಿ ಪಾಲು ಗಾಳೀಲಿ ಎರಡು ಪಾಲು.”

“ಮಿತಿ?”

“ಎಂಟು ಗಂಟೆ ಸರಾಸರಿ ಐದು. ಹದಿನೈದು ನಿಮಿಷಕ್ಕಾದ್ರೆ ಇಪ್ಪತ್ತು.”

“ಅಂದ್ರೆ ಮಿತಿಯ ಅರ್ಧವೂ ಇಲ್ಲ. ಹಾಗಾದ್ರೆ ಈ ಆವಿಯಿಂದ ಸತ್ತಿದ್ದು ಹೇಗೆ? ವಾಸನೆ ಆದ್ರೂ ಬಂದಿರ್ಬೇಕಲ್ಲ.”

“ವಾಸನೆ ಬರೋ ಹೊತ್ತಿಗೆ ಮಿತಿ ಯಾವಾಗಲೋ ದಾಟಿರುತ್ತೆ. ಇದರ ವಿಷಯದಲ್ಲಿ ಮೂಗನ್ನ ನಂಬಿದೋರು ಕೆಟ್ಟರು.” ಸುರುಳಿಯನ್ನು ಡಬ್ಬಿಗೆ ಹಾಕಿದೆ. “ಇನ್ಸ್‌ಪೆಕ್ಟರ್ರೇ, ಡ್ರಮ್ಮಿನ ಮೇಲಿನ ಅಂಕಿ ಹೇಳೋದು, ಇದು ಚೆಲ್ಲಿ ನೀವು ಎದುರು ನಿಂತಿದ್ರೆ ಏನಾಗುತ್ತೆ ಅಂತ. ಮಿತಿ ಹೇಳೋದು, ದಿನಾ ಇದರ ಜೊತೆ ಬದುಕಿದ್ರೆ ಹೆಚ್ಚಿನವರಿಗೆ ಏನೂ ಆಗಲ್ಲ ಅಂತ. ಹೆಚ್ಚಿನವರಿಗೆ. ಕೆಲವರ ಎದೆ ಈ ಆವಿ ಜೊತೆ ಹಗೆ ಕಟ್ಟಿಕೊಂಡುಬಿಡುತ್ತೆ. ಒಂದು ಸಲ ಹಗೆ ಕಟ್ಟಿತು ಅಂದ್ರೆ ಆಮೇಲೆ ಐದೂ ಇಲ್ಲ, ಎರಡೂ ಇಲ್ಲ. ಅಂಥೋರಿಗೆ ಮಿತಿ ಅಂತ ಒಂದು ಇಲ್ಲವೇ ಇಲ್ಲ.”

“ಶಿಳ್ಳೆಗೆ ಹಾಗಾಗಿತ್ತಾ?”

“ಆಗಿದ್ರೆ ಯಾರಿಗಾದ್ರೂ ಗೊತ್ತಿರ್ಬೇಕು. ಗೊತ್ತಿದ್ದೂ ಅವನನ್ನ ಒಳಗೆ ಬಿಟ್ಟೋರು ಯಾರು ಅನ್ನೋದು ಪ್ರಶ್ನೆ.”

ಬಾಗಿಲ ಪಕ್ಕ ಚೌಕಟ್ಟು ಹಾಕಿದ ನಿಯಮ ತೂಗುತ್ತಿತ್ತು: ದೀಪ ಹಸಿರಿದ್ದಾಗ ಮುಖವಾಡ ಕಡ್ಡಾಯವಲ್ಲ. ಕೆಳಗೆ ಇಲಾಖೆಯ ಮುದ್ರೆ, ಸಹಿ. ಸಹಿ ನನ್ನದೇ. ಆರು ವರ್ಷದ ಹಿಂದೆ, ಸುಸ್ತಾದ ಒಂದು ಸಂಜೆ ಬರೆದುಕೊಟ್ಟದ್ದು. ಇನ್ಸ್‌ಪೆಕ್ಟರ್ ಅದನ್ನು ಓದುವ ಮೊದಲು ನಾನು ಮುಂದೆ ನಡೆದೆ.

*

ಔಷಧಿ ಕೋಣೆಯ ಹೊರಗಿನ ಬೆಂಚಿನ ಮೇಲೆ ಒಬ್ಬಳು ಹೆಂಗಸು ಮಡಿಲಲ್ಲಿ ಮಡಿಸಿದ ಏಪ್ರನ್ ಇಟ್ಟುಕೊಂಡು ಕುಳಿತಿದ್ದಳು. ಏಪ್ರನ್ನಿನ ಜೇಬಿನ ಮೇಲೆ ಹದಿನೇಳು ಎಂಬ ಅಂಕಿ. ಯಾರೆಂದು ಕೇಳಬೇಕಾಗಿರಲಿಲ್ಲ. ಇಲ್ಲಿ ಕೆಲಸದಲ್ಲಿ ಸತ್ತವರ ಜಾಗವನ್ನು ಮನೆಯವರಿಗೇ ಕೊಡುವ ವಾಡಿಕೆ. ಅದೇ ಟೋಕನ್, ಅದೇ ಮೊಳೆ, ಅದೇ ಕೋಣೆ.

“ಇವತ್ತಿಂದಾನಾ?” ಎಂದೆ, ಪಕ್ಕದಲ್ಲಿ ಕೂರುತ್ತಾ.

“ಹೌದಕ್ಕಾ. ಎರಡು ಗಂಟೆ ಪಾಳಿಗೆ. ಸೇಫ್ಟಿ ಸಾಹೇಬ್ರು ಹೇಳ್ಕೊಡ್ತಾರಂತೆ.” ಅಷ್ಟು ಹೇಳುವುದರೊಳಗೆ ಎರಡು ಸಲ ಕೆಮ್ಮಿದಳು. ಒಣಕೆಮ್ಮು. ಕೆಮ್ಮಿನ ಹಿಂದೆ ತೆಳುವಾದ ಸುಂಯ್ ಸದ್ದು.

“ಈ ಕೆಮ್ಮು ಎಷ್ಟು ದಿನದಿಂದ?”

“ಇದಾ? ಇದು ಹೀಗೇ ಬರುತ್ತೆ, ಹೋಗುತ್ತೆ. ಭಾನುವಾರ ಜಾಸ್ತಿ. ಈಗ ಮೂರು ವಾರದಿಂದ ಇರಲಿಲ್ಲ. ಬೆಳಿಗ್ಗೆ ಅವರ ಈ ಏಪ್ರನ್ ಕೊಟ್ರಲ್ಲ, ಆಮೇಲೆ ಶುರುವಾಯ್ತು.”

“ಭಾನುವಾರ ಏನು ಮಾಡ್ತಿದ್ದೆ?”

“ಅವರ ಕೆಲಸದ ಬಟ್ಟೆ ಒಗೀತಿದ್ದೆ.”

ನಾನು ಆ ಏಪ್ರನ್ನನ್ನು ಅವಳ ಮಡಿಲಿನಿಂದ ತೆಗೆದು ಬೆಂಚಿನ ಆ ತುದಿಗಿಟ್ಟೆ. ಕಾರ್ಖಾನೆಯ ಬಾಗಿಲನ್ನೇ ತುಳಿಯದವಳ ಎದೆಗೂ ಗಂಡನ ಬಟ್ಟೆಯ ಮೂಲಕ ಆ ಹಗೆ ಹೋಗಿ ಕೂತಿತ್ತು.

“ನೀನು ಆ ಕೋಣೆಗೆ ಕಾಲಿಡಬಾರದು, ತಾಯಿ.”

“ಮತ್ತೆ ಮನೇಲಿ ಹಾಸಿಗೆ ಹಿಡಿದಿರೋ ಅತ್ತೇನ ಯಾರು ನೋಡ್ತಾರಕ್ಕಾ? ನಮ್ಮಣ್ಣನ್ನ ಬೇರೆ ಹೀಗೆ ಕೂರಿಸಿದಾರೆ. ಮತ್ತೆ ನಾನು ಪಾಸಾಗಿದೀನಿ. ಬೆಳಿಗ್ಗೆ ಕೊಳವೆ ಊದಿದೆ. ಚೆನ್ನಾಗಿದೆ ಅಂದ್ರು. ನಂಗೆ ಈ ಅಂಕಿ ಸಂಖ್ಯೆ ಎಲ್ಲಾ ತಿಳಿಯಲ್ಲ.”

ಕೊಳವೆ ಊದುವುದು ಇಲ್ಲಿನ ದಿನಚರಿ. ಮಿಶ್ರಣದ ಬಳಿ ಕೆಲಸ ಮಾಡುವವರು ಪಾಳಿಗೆ ಮೊದಲು, ಪಾಳಿ ಮುಗಿದ ಮೇಲೆ, ಒಂದು ಕೊಳವೆಯನ್ನು ಬಲವಾಗಿ ಊದಬೇಕು. ಒಳಗಿನ ಮುಳ್ಳು ಎಲ್ಲಿಗೆ ಜಾರಿ ನಿಲ್ಲುತ್ತದೋ ಅದು ಎದೆಯ ಬಲ. ಮುನ್ನೂರರ ಕೆಳಗಿಳಿದವರನ್ನು ಆ ಕೋಣೆಗೆ ಬಿಡುವಂತಿಲ್ಲ. ಊದಿದ ಕೊಳವೆಯನ್ನೂ ಟೋಕನ್ನನ್ನೂ ಔಷಧಿ ಕೋಣೆಯ ಕಿಟಕಿಯ ಕಂಬಿ ಸಂದಿಯಿಂದ ಒಳಗೆ ಕೊಡಬೇಕು. ಒಳಗೆ ಕೂತ ಕಾಂಪೌಂಡರ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ತಲೆ ಎತ್ತಿ ಮುಖ ನೋಡುವ ಅಭ್ಯಾಸ ಅವನಿಗಿಲ್ಲ.

ಆ ಪುಸ್ತಕವನ್ನು ಮೇಜಿನ ಮೇಲೆ ಹರಡಿಕೊಂಡೆ. ಕನ್ನಡಕ ಹಣೆಗೇರಿಸಿ, ಇಳಿಸಿ, ಹದಿನೇಳನೆಯ ಟೋಕನ್ನಿನ ಸಾಲು ಹಿಡಿದು ಹಿಂದಕ್ಕೆ ಹೋದೆ.

ಐದು ತಿಂಗಳ ಹಿಂದೆ: ಸೋಮವಾರ ಬೆಳಿಗ್ಗೆ ನಾನೂರ ಅರವತ್ತು. ಬುಧವಾರ ಸಂಜೆ ಮುನ್ನೂರ ತೊಂಬತ್ತು. ಶನಿವಾರ ಸಂಜೆ ಮುನ್ನೂರ ಹತ್ತು. ಭಾನುವಾರ ರಜೆ. ಮತ್ತೆ ಸೋಮವಾರ ನಾನೂರ ಐವತ್ತು. ವಾರ ವಾರವೂ ಇದೇ ಕಥೆ: ಮನೆಯಲ್ಲಿದ್ದರೆ ಏರುವುದು, ಕೋಣೆಯಲ್ಲಿದ್ದರೆ ಇಳಿಯುವುದು. ಇದನ್ನು ಓದಲು ವೈದ್ಯೆಯಾಗಬೇಕಿಲ್ಲ.

ಆಮೇಲೆ ಇದ್ದಕ್ಕಿದ್ದಂತೆ, ಸಾಯುವುದಕ್ಕೆ ಮೂರು ತಿಂಗಳ ಮುಂಚಿನಿಂದ, ನಾನೂರ ಎಂಬತ್ತು. ಬೆಳಿಗ್ಗೆ ನಾನೂರ ಎಂಬತ್ತು, ಸಂಜೆ ನಾನೂರ ಎಂಬತ್ತು. ಸೋಮವಾರವೂ, ಶನಿವಾರವೂ. ಸತ್ತ ದಿನ ಬೆಳಿಗ್ಗೆಯೂ.

ಸಾಯುವ ದಿನದ ಬೆಳಿಗ್ಗೆ ಮನುಷ್ಯ ಹಾಗೆ ಊದುವುದಿಲ್ಲ. ಅದು ಬೇರೆ ಯಾರದೋ ಉಸಿರು.

ಪುಟ ತಿರುವಿದೆ. ಮೂರು ವಾರ ಹದಿನೇಳರ ಸಾಲು ಖಾಲಿ. ಕೊನೆಯಲ್ಲಿ ಇವತ್ತಿನ ತಾರೀಖು. ಹದಿನೇಳು: ನಾನೂರ ಎಂಬತ್ತು.

ಎದ್ದು ಬಾಗಿಲಿಗೆ ಹೋಗಿ ಅವಳನ್ನು ಒಳಗೆ ಕರೆದೆ.

“ಇದನ್ನ ಒಂದು ಸಲ ಊದಮ್ಮಾ. ಎಷ್ಟಾಗುತ್ತೋ ಅಷ್ಟು.”

ಊದಿದಳು. ಮುಳ್ಳು ಜಾರಿ ಇನ್ನೂರ ಹತ್ತಕ್ಕೆ ನಿಂತಿತು. ಮೇಜು ಹಿಡಿದುಕೊಂಡು ಬಹಳ ಹೊತ್ತು ಕೆಮ್ಮಿದಳು. ನೀರು ಕೊಟ್ಟೆ.

ಆಗಲೇ ನನ್ನ ಬಾಯಿ ಸುಮ್ಮನಿರಬೇಕಿತ್ತು. ಇಪ್ಪತ್ತೊಂಬತ್ತು ವರ್ಷ ಹೀಗೆ ಪುಸ್ತಕ ಓದಿ ಓದಿ ಬೇಸತ್ತ ಬಾಯಿ, ಸುಮ್ಮನಿರಲಿಲ್ಲ.

“ನೋಡು, ಇದು ಸುಮ್ನೆ ಶಾಸ್ತ್ರಕ್ಕೆ ಊದೋದಲ್ಲ. ಯಾರೋ ನಿನ್ನ ಗಂಡನ ಬದಲು ಮೂರು ತಿಂಗಳು ಊದಿದಾರೆ. ಅವನ ಉಸಿರನ್ನೇ ಬರೆದಿದ್ರೆ ಆವಾಗಲೇ ಪ್ಯಾಕಿಂಗಿಗೆ ಹಾಕ್ತಿದ್ರು. ಇವತ್ತು ಶಿಳ್ಳೆ ಹೊಡ್ಕೊಂಡು ಓಡಾಡ್ಕೊಂಡಿರ್ತಿದ್ದ.”

ಅವಳು ಲೋಟ ಕೆಳಗಿಟ್ಟಳು.

“ಬದಲು ಊದಿದ್ದಕ್ಕೇ ಸತ್ರಾ ಅಕ್ಕಾ?”

“ಅದಕ್ಕೇ.”

“ದೀಪ ಹಸಿರಿದ್ರೂ?”

“ಹಸಿರಿದ್ರೂ.”

“ನನ್ನ ಎದೇನೂ ಅವರದ್ದರ ಹಾಗೇ ಆಗಿದ್ರೆ, ನಾನು ಒಳಗೆ ಹೋದ್ರೆ... ಎಷ್ಟು ಹೊತ್ತು?”

ಹೆದರಿದ್ದಾಳೆ ಅಂದುಕೊಂಡೆ. ಹೆದರಲಿ, ಒಳ್ಳೆಯದೇ ಅಂದುಕೊಂಡೆ. “ಹೇಳೋಕಾಗಲ್ಲ. ಒಬ್ಬೊಬ್ಬರಿಗೆ ಕೆಲವೇ ನಿಮಿಷ. ಅದಕ್ಕೇ ಹೇಳಿದ್ದು, ಬೆಂಚಿನ ಮೇಲೆ ಕೂತಿರು, ನಾನು ಬರೋವರೆಗೆ ಏಳಬೇಡ.”

“ಆಯ್ತಕ್ಕಾ,” ಎಂದು ಹೋದಳು. ಗೋಡೆಯ ಗಡಿಯಾರದಲ್ಲಿ ಒಂದೂ ಹತ್ತು.

*

ಸೇಫ್ಟಿ ಆಫೀಸರ್ ನನ್ನ ಕೈಕೆಳಗೆ ಎರಡು ವರ್ಷ ತರಬೇತಿ ಪಡೆದ ಹುಡುಗ. ಈಗ ಹುಡುಗನಲ್ಲ, ಕಿವಿಯ ಹತ್ತಿರ ಕೂದಲು ನರೆತಿದೆ. ಬಂದವನು ಪುಸ್ತಕ ತೆರೆದಿರುವುದನ್ನು ನೋಡಿ ಬಾಗಿಲು ಮುಚ್ಚಿ ಕುಳಿತ.

“ಈ ಅಕ್ಷರ ನಿಂದೇ ತಾನೇ?” ಇವತ್ತಿನ ಸಾಲಿನ ಮೇಲೆ ಬೆರಳಿಟ್ಟೆ.

“ಕಾಂಪೌಂಡರ್ ರಜ ಮೇಡಂ. ಅದಕ್ಕೆ ನಾನೇ...”

“ಅವಳು ಊದಿದ್ದು ಇನ್ನೂರ ಹತ್ತು. ಈಗಷ್ಟೇ ಊದಿಸಿದೆ.”

ಅವನು ಕಣ್ಣು ತಗ್ಗಿಸಿದ. “ಬೆಳಿಗ್ಗೆ ಇನ್ನೂರ ಮೂವತ್ತು ಊದಿದ್ಲು. ಕೈ ಮುಗಿದ್ಲು ಮೇಡಂ. ಈ ಕೆಲಸ ಸಿಗದಿದ್ರೆ ಬೀದೀಲಿ ನಿಲ್ಲಬೇಕು, ಹೇಗಾದ್ರೂ ಬರ್ಕೊಳ್ಳಿ ಅಂದ್ಲು. ಮೊದಲನೇ ದಿನ ಗಾಬರೀಲಿ ಎಲ್ಲರೂ ಕಮ್ಮಿನೇ ಊದ್ತಾರೆ ಅಂದ್ಕೊಂಡೆ.”

“ಅಂದ್ಕೊಂಡೆಯಾ, ಅಂದ್ಕೋಬೇಕು ಅಂತ ಅಂದ್ಕೊಂಡೆಯಾ?”

ಅವನು ಪುಸ್ತಕ ಮುಚ್ಚಲು ಕೈ ಚಾಚಿದ. ನಾನು ಬೆರಳು ತೆಗೆಯಲಿಲ್ಲ.

“ಶಿಳ್ಳೆಯ ಅಂಕಿಗಳು?”

“ಅದು ನಾನು ಬರೆದದ್ದಲ್ಲ. ಕಾಂಪೌಂಡರ್ ಅಕ್ಷರ, ನೀವೇ ನೋಡಿ.”

“ಬರೆದದ್ದು ಕೇಳ್ತಿಲ್ಲ. ನೋಡಿದ್ದೆಯಾ?”

ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದ. “ನೋಡಿದ್ದೆ. ಮೆಟ್ಟಿಲು ಹತ್ತಿದ್ರೆ ಎದೇಲಿ ಪಿಟೀಲು ಬಾರಿಸೋನು ನಾನೂರ ಎಂಬತ್ತು ಊದಲ್ಲ ಅಂತ ಗೊತ್ತಿತ್ತು. ಆದ್ರೆ ಪುಸ್ತಕ ಸರಿ ಇದೆ, ಮೀಟರು ಹಸಿರಿದೆ. ಮಿಶ್ರಣದ ಹದ ಗೊತ್ತಿರೋನು ಅವನೊಬ್ಬ. ಅವನು ಸತ್ತ ಮೇಲೆ ಮೂರು ವಾರದಿಂದ ನಾನೇ ಒಳಗೆ ನಿಂತು ಸುರೀತಿದೀನಿ, ಕೇಳಿ ಬೇಕಾದ್ರೆ.”

“ಮುಖವಾಡ ಹಾಕ್ಕೊಂಡು.”

“ಹಾಕ್ಕೊಂಡು,” ಎಂದ, ಮೆಲ್ಲಗೆ. ಆಮೇಲೆ ತಲೆ ಎತ್ತಿದ. “ನೀವೇ ಹೇಳ್ಕೊಟ್ಟದ್ದು ಮೇಡಂ. ಮಿತಿಯೊಳಗಿದ್ರೆ ಕ್ಷೇಮ ಅಂತ. ಆ ಬಾಗಿಲ ಪಕ್ಕದ ಕಾಗದಾನೂ ನಿಮ್ಮದೇ.”

“ಹೆಚ್ಚಿನವರಿಗೆ ಅಂತ ಹೇಳಿದ್ದೆ.”

“ಕಾಗದದಲ್ಲಿ ಆ ಪದ ಇಲ್ಲ.”

ಇರಲಿಲ್ಲ. ಹಗಲು ಹೊತ್ತಿನಲ್ಲಿ, ಒಂದು ಔಷಧಿ ಕೋಣೆಯಲ್ಲಿ, ನನ್ನ ಶಿಷ್ಯನ ಎದುರು ನನ್ನ ಮುಖ ಸಪ್ಪೆಯಾಯಿತು. ಒಂದು ಪದ ಬರೆಯಲು ಸೋಮಾರಿತನ ಮಾಡಿದ್ದೆ, ಅಷ್ಟೇ. ನಿವೃತ್ತಿಗೆ ಎರಡು ವರ್ಷವಿದೆ. ಆ ಎರಡು ವರ್ಷವೂ ಇದು ನನ್ನ ಜೊತೆ ಊಟಕ್ಕೆ ಕೂರುತ್ತದೆ.

ಆದರೆ ಕೆಲಸ ಬಾಕಿಯಿತ್ತು. “ಅವಳು ಹೇಗಾದ್ರೂ ಬರ್ಕೊಳ್ಳಿ ಅಂದ್ಲು. ಸರಿ. ನಾನೂರ ಎಂಬತ್ತೇ ಯಾಕೆ ಬರೆದೆ? ಮುನ್ನೂ­ರೈವತ್ತು ಬರೆದಿದ್ರೂ ಪಾಸೇ ಅಲ್ವಾ?”

“ಅವಳೇ ಹೇಳಿದ್ದು ಮೇಡಂ. ‘ನಮ್ಮನೆಯವ್ರದ್ದು ನಾನೂರ ಎಂಬತ್ತಿತ್ತಲ್ಲ, ಅಷ್ಟೇ ಹಾಕಿ’ ಅಂತ.”

ನಾನು ಪುಸ್ತಕ ಮುಚ್ಚಿದೆ. ಅಂಕಿ ಸಂಖ್ಯೆ ತಿಳಿಯದು ಎಂದವಳು. ಶಿಳ್ಳೆ ತಾನಾಗಿ ಊದಿದ್ದು ರಜೆಯ ಮರುದಿನವೂ ನಾನೂರ ಅರವತ್ತನ್ನು ದಾಟಿರಲಿಲ್ಲ. ನಾನೂರ ಎಂಬತ್ತು ಅವನ ಉಸಿರೇ ಅಲ್ಲ. ಪುಸ್ತಕ ನೋಡದೆಯೇ ಆ ಅಂಕಿ ಗೊತ್ತಿರಬೇಕಾದವರು ಇಬ್ಬರೇ: ಊದಿದವರು, ಊದಿಸಿದವರು.

ಕೊಳವೆಯನ್ನು ತೊಳೆದು ಕೈಚೀಲಕ್ಕೆ ಹಾಕಿಕೊಂಡು ಎದ್ದೆ. “ಅವಳನ್ನ ಒಳಗೆ ಬಿಡಬೇಡ,” ಎಂದೆ.

“ಇಲ್ಲ ಮೇಡಂ. ಹೆಸರು ಹೊಡೆದುಹಾಕೋಕೆ ಈಗಲೇ ಮೇಲಿನ ಆಫೀಸಿಗೆ ಹೋಗ್ತೀನಿ,” ಎಂದ. ಆ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ ನನಗೆ.

ಹೊರಗೆ ಅವಳು ಬೆಂಚಿನ ಮೇಲೆ ಹೇಳಿದ ಹಾಗೆಯೇ ಕೂತಿದ್ದಳು. ಏಪ್ರನ್ ಮತ್ತೆ ಅವಳ ಮಡಿಲಿಗೆ ಬಂದಿತ್ತು. ನಾನು ಅವಸರದಲ್ಲಿದ್ದೆ.

*

ಸ್ಟೋರಿನಲ್ಲಿ ಇನ್ಸ್‌ಪೆಕ್ಟರ್ ಚಹಾ ಕುಡಿಯುತ್ತಿದ್ದರು. ಪೆಟ್ಟಿಗೆಯ ಮೇಲೆ ಕೂತವರ ಲೋಟದಲ್ಲಿ ಕೆನೆಗಟ್ಟಿತ್ತು.

“ಸ್ಟೋರಿನವರೇ, ಇದನ್ನ ಊದಿ.”

ಕೊಳವೆ ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು. ಬೇಡವೆನ್ನಲಿಲ್ಲ. ಎದ್ದು ನಿಂತು, ಎದೆ ತುಂಬ ಎಳೆದುಕೊಂಡು ಒಂದೇ ಸಲಕ್ಕೆ ಊದಿದರು. ಅಭ್ಯಾಸವಾದ ಊದು. ನಾನು ಮುಳ್ಳು ನೋಡಿ ಕೊಳವೆಯನ್ನು ಇನ್ಸ್‌ಪೆಕ್ಟರ್ ಕೈಗೆ ಕೊಟ್ಟೆ.

“ನಾನೂರ ಎಂಬತ್ತು,” ಎಂದು ಓದಿದರು ಅವರು. “ಅಂದ್ರೆ?”

“ಅಂದ್ರೆ ಮೂರು ತಿಂಗಳು ಇವರ ಉಸಿರಿನ ಮೇಲೆ ಶಿಳ್ಳೆ ಕೆಲಸ ಮಾಡಿದಾನೆ.”

ಸ್ಟೋರಿನವರು ಮತ್ತೆ ಪೆಟ್ಟಿಗೆಯ ಮೇಲೆ ಕುಸಿದರು. ಅಳುವುದು ಬರದವರ ಅಳು. ಭುಜ ಮಾತ್ರ ಅಲುಗುತ್ತಿತ್ತು.

“ಕೆಲಸ ಉಳೀಲಿ ಅಂತಮ್ಮಾ. ಕಿಟಕಿ ಹತ್ರ ಭಾವ ಟೋಕನ್ ಕೊಡೋರು, ನಾನು ಊದಿದ ಕೊಳವೆ ಕೊಡ್ತಿದ್ದೆ. ಒಂದೆರಡು ದಿನ ಅಂದಿದ್ರು. ದಿನ ಕಳೆದ ಹಾಗೆ ಅವರ ಉಸಿರಾಟ ನೋಡೋಕಾಗ್ತಿರಲಿಲ್ಲ. ಆವಾಗಲೇ ಕ್ಯಾಂಟೀನಲ್ಲಿ ಹೇಳಿದ್ದು, ಇನ್ನು ನನ್ನ ಕೈಲಾಗಲ್ಲ, ಹೀಗೇ ಆದ್ರೆ ನೀನು ಸಾಯ್ತೀಯ ಅಂತ. ಬಿಟ್ಟೇಬಿಡ್ತಿದ್ದೆ.”

“ಯಾಕೆ ಬಿಡಲಿಲ್ಲ?”

ಇನ್ಸ್‌ಪೆಕ್ಟರ್ ಲೋಟ ಕೆಳಗಿಟ್ಟರು.

“ನಮ್ಮ ತಂಗಿ ಬಂದ್ಲು. ಮೊದಲಿಂದ ಅವಳೇ ಕೇಳಿದ್ದು. ‘ಅಣ್ಣಾ, ಒಂದು ಊದು ಊದಿದ್ರೆ ನಿನ್ನ ಗಂಟೇನು ಹೋಗುತ್ತೆ’ ಅಂತ ಕಾಲು ಹಿಡ್ಕೊಂಡ್ಲು. ಅವಳ ತಪ್ಪಿಲ್ಲಮ್ಮಾ. ಇದು ಹಾಜರಿ ಹಾಕೋ ಹಾಗೆ ಒಂದು ಶಾಸ್ತ್ರ ಅಂತ ಅಂದ್ಕೊಂಡಿದ್ಲು. ಇದರಿಂದಾನೇ ಸತ್ರು ಅಂತ ಅವಳಿಗೆ ಈಗಲೂ ಗೊತ್ತಿಲ್ಲ. ಅವಳಿಗೆ ಗೊತ್ತಾಗಬಾರದು ಅಂತಾನೇ ನಾನು ಬಾಯಿ ಬಿಡಲಿಲ್ಲ. ಜೈಲಿಗೆ ಹೋದ್ರೂ ಚಿಂತೆಯಿಲ್ಲ, ಅವಳಿಗೆ ಮಾತ್ರ ಹೇಳಬೇಡಿ. ಗೊತ್ತಾದ್ರೆ ಅವಳು ಬದುಕಲ್ಲ.”

ನನ್ನ ಕೈಯಲ್ಲಿದ್ದ ಕನ್ನಡಕ ನೆಲಕ್ಕೆ ಬಿತ್ತು.

ಬದಲು ಊದಿದ್ದಕ್ಕೇ ಸತ್ರಾ ಅಕ್ಕಾ? ಅದಕ್ಕೇ, ಎಂದಿದ್ದೆ ನಾನು. ನಾನು ಒಳಗೆ ಹೋದ್ರೆ ಎಷ್ಟು ಹೊತ್ತು? ಕೆಲವೇ ನಿಮಿಷ, ಎಂದಿದ್ದೆ.

ಎರಡು ಗಂಟೆಯ ಗಂಟೆ ಹೊಡೆಯಿತು.

ಈ ಮೊಣಕಾಲಿನಲ್ಲಿ ನಾನು ಓಡಿ ಎಂಟು ವರ್ಷವಾಗಿತ್ತು. ಓಡಿದೆ. ಹಿಂದೆ ಇನ್ಸ್‌ಪೆಕ್ಟರ್ ಏನೋ ಕೇಳುತ್ತಿದ್ದರು, ಅವರ ಹಿಂದೆ ಸ್ಟೋರಿನವರ ಚಪ್ಪಲಿಯ ಸದ್ದು. ಪಾಳಿ ಬದಲಾಗುವ ಹೊತ್ತು. ಎದುರಿನಿಂದ ಬರುವವರೆಲ್ಲ ಮೂಗಮ್ಮನಿಗೆ ದಾರಿ ಬಿಟ್ಟು ಗೋಡೆಗೆ ಒರಗಿದರು.

ಔಷಧಿ ಕೋಣೆಯ ಹೊರಗಿನ ಬೆಂಚಿನ ಮೇಲೆ ಅವಳ ಊಟದ ಡಬ್ಬಿ ಮಾತ್ರ ಇತ್ತು. ಏಪ್ರನ್ ಇರಲಿಲ್ಲ.

ಮಿಶ್ರಣದ ಕೋಣೆಯ ಬಾಗಿಲು ತಳ್ಳಿದೆ. ಒಳಗಿನಿಂದ ಚಿಲಕ ಹಾಕಿತ್ತು. ಪಕ್ಕದ ಮೊಳೆಯಲ್ಲಿ ಮುಖವಾಡ ಇದ್ದ ಹಾಗೇ ತೂಗುತ್ತಿತ್ತು. ಗಾಜಿಗೆ ಕೈ ಅಡ್ಡ ಹಿಡಿದು ನೋಡಿದೆ. ಅವಳು ಬೆನ್ನು ಮಾಡಿ ನೆಲದ ಮೇಲೆ ಕುಳಿತಿದ್ದಳು, ಗಂಡ ಬಿದ್ದ ಜಾಗದಲ್ಲಿ, ಏಪ್ರನ್ನಿನಲ್ಲಿ ಮುಖ ಒತ್ತಿಕೊಂಡು. ಅವಳ ಹೆಗಲು ಏರುತ್ತಿತ್ತು, ಇಳಿಯಲು ಬಹಳ ಹೊತ್ತು ಹಿಡಿಯುತ್ತಿತ್ತು.

ಗೋಡೆಯ ಮೇಲೆ ಮೀಟರಿನ ದೀಪ ಹಸಿರಾಗಿಯೇ ಇತ್ತು.